ಟ್ರೇಲರ್‌ಗೆ ಯಾವ ವಿಮೆ ಮಾಡಿಸಲಿ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾವು ಅಮೆರಿಕದ ಡಲ್ಲಾಸ್ ಹತ್ತಿರ ಇದ್ದೇವೆ. ಹೋದ ತಿಂಗಳು 5 ವರ್ಷ ಹಳೆಯದಾದ 24 ಅಡಿಯ ಟ್ರಾವೆಲ್ ಟ್ರೇಲರ್ (ಗಾಡಿಯ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆ) ತೆಗೆದುಕೊಂಡೆವು. 18,000 ಡಾಲರ್ ಆಯಿತು, ಅದರಲ್ಲಿ ಅರ್ಧ ಸಾಲ. ಎಳೆಯುವುದು ನಮ್ಮ ಪಿಕಪ್ ಟ್ರಕ್ಕಿನಲ್ಲಿ. ಟ್ರಕ್ಕಿಗೆ ಇನ್ಶೂರೆನ್ಸ್ ಇದ್ದರೆ ಟ್ರೇಲರ್‌ಗೂ ಅದೇ ಸಾಕು ಅಂತ ಸ್ನೇಹಿತರು ಹೇಳುತ್ತಾರೆ. ಏಜೆಂಟ್ ಎರಡು ಕೊಟೇಶನ್ ಕೊಟ್ಟಿದ್ದಾರೆ. ಒಂದರಲ್ಲಿ 'ಆಕ್ಚುವಲ್ ಕ್ಯಾಶ್ ವ್ಯಾಲ್ಯೂ' ಅಂತಿದೆ, ಇನ್ನೊಂದರಲ್ಲಿ 'ಅಗ್ರೀಡ್ ವ್ಯಾಲ್ಯೂ' ಅಂತಿದೆ. ಎರಡನೆಯದಕ್ಕೆ ವರ್ಷಕ್ಕೆ 200 ಡಾಲರ್ ಜಾಸ್ತಿ. ಬೇಸಿಗೆಗೆ ಮೈಸೂರಿನಿಂದ ಅಪ್ಪ, ಅಮ್ಮ ಬರುತ್ತಿದ್ದಾರೆ. ಅವರನ್ನೂ ಟ್ರೇಲರ್‌ನಲ್ಲಿ ಸುತ್ತಾಡಿಸುವ ಆಸೆ. ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ: ನಿಮ್ಮ ಸ್ನೇಹಿತರು ಹೇಳಿದ್ದು ಅರ್ಧ ಸರಿ. ಆ ಅರ್ಧವನ್ನೇ ನಂಬಿಕೊಂಡು ಕೈಸುಟ್ಟುಕೊಂಡವರನ್ನು ನಾನು ನೋಡಿದ್ದೇನೆ, ಅದಕ್ಕೆ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಟ್ರೇಲರ್ ಟ್ರಕ್ಕಿಗೆ ಕಟ್ಟಿಕೊಂಡು ಓಡುತ್ತಿರುವಾಗ ಅದು ಬೇರೆಯವರ ಕಾರಿಗೆ ಗುದ್ದಿದರೆ, ಬೇರೆಯವರಿಗೆ ಪೆಟ್ಟಾದರೆ, ಸಾಮಾನ್ಯವಾಗಿ ನಿಮ್ಮ ಟ್ರಕ್ಕಿನ ಲಯಬಿಲಿಟಿ (ನಿಮ್ಮಿಂದ ಬೇರೆಯವರಿಗೆ ಆದ ನಷ್ಟಕ್ಕೆ ಕೊಡುವ) ಪಾಲಿಸಿಯೇ ದುಡ್ಡು ಕೊಡುತ್ತದೆ. ಆದರೆ ನಿಮ್ಮ ಟ್ರೇಲರ್‌ಗೆ ಆದ ಹಾನಿ ಅದರಲ್ಲಿ ಬರುವುದಿಲ್ಲ. ಗಾಳಿಗೆ ಮಗುಚಿ ಬಿದ್ದರೂ, ಹಿಂದಕ್ಕೆ ತೆಗೆಯುವಾಗ ಕಂಬಕ್ಕೆ ತಾಗಿ ಮೂಲೆ ಕಿತ್ತುಹೋದರೂ ಖರ್ಚು ನಿಮ್ಮದೇ. ಇನ್ನೊಂದು ಮಾತು. ನಿಮ್ಮ ಟೆಕ್ಸಸ್ ರಾಜ್ಯದ ಕಾನೂನು ಕೇಳುವ ಕನಿಷ್ಠ ಲಯಬಿಲಿಟಿ ಒಬ್ಬರ ಗಾಯಕ್ಕೆ 30,000 ಡಾಲರ್, ಒಂದು ಅಪಘಾತದ ಎಲ್ಲ ಗಾಯಗಳಿಗೆ ಸೇರಿ 60,000, ಆಸ್ತಿ ಹಾನಿಗೆ 25,000. ಹಿಂದೆ 24 ಅಡಿಯ ಮನೆ ಎಳೆದುಕೊಂಡು ಹೆದ್ದಾರಿಯಲ್ಲಿ ಹೋಗುವವರಿಗೆ ಇದು ಏನೇನೂ ಸಾಲದು. ಈಗಿನ ಒಂದು ಒಳ್ಳೆಯ ಕಾರಿನ ಬೆಲೆಯೇ 25,000 ದಾಟುತ್ತದೆ, ಅಲ್ವಾ? ಟ್ರೇಲರ್ ಪಾಲಿಸಿ ಬಗ್ಗೆ ಯೋಚಿಸುವ ಮೊದಲು ಟ್ರಕ್ಕಿನ ಪಾಲಿಸಿ ತೆಗೆದು ಈ ಅಂಕಿಗಳನ್ನು ನೋಡಿ, ಕಡಿಮೆ ಇದ್ದರೆ ಏರಿಸಿ.

ಈಗ ಟ್ರೇಲರ್‌ನದೇ ಪಾಲಿಸಿ. ಸಾಲ ಇರುವುದರಿಂದ ಬ್ಯಾಂಕಿನವರು ಕೊಲಿಷನ್, ಕಾಂಪ್ರಿಹೆನ್ಸಿವ್ ಎರಡನ್ನೂ ಕೇಳುತ್ತಾರೆ. ಕೊಲಿಷನ್ ಅಂದರೆ ಗುದ್ದಿದ್ದು, ಮಗುಚಿದ್ದು. ಕಾಂಪ್ರಿಹೆನ್ಸಿವ್‌ನಲ್ಲಿ ಕಳ್ಳತನ, ಬೆಂಕಿ, ಬಿರುಗಾಳಿ, ಆಲಿಕಲ್ಲು ಇವೆಲ್ಲ ಬರುತ್ತವೆ. ಡಲ್ಲಾಸ್ ಕಡೆ ಮಾರ್ಚ್‌ನಿಂದ ಮೇ ತನಕ ಬೀಳುವ ಆಲಿಕಲ್ಲು ನಿಮಗೆ ಗೊತ್ತೇ ಇದೆ. ಟ್ರೇಲರ್‌ನ ಚಾವಣಿ ಮೇಲಿನ ಪ್ಲಾಸ್ಟಿಕ್ ಮುಚ್ಚಳ, ಎಸಿಯ ಹೊದಿಕೆ, ಅಲ್ಯೂಮಿನಿಯಂ ಗೋಡೆ ಇವು ಒಂದು ಮಳೆಗೆ ಹಾಳಾಗಬಹುದು. ಸಾಲ ತೀರಿದ ಮೇಲೂ ಕಾಂಪ್ರಿಹೆನ್ಸಿವ್ ಮಾತ್ರ ಬಿಡಬೇಡಿ.

ನಿಮ್ಮ ಎರಡು ಕೊಟೇಶನ್‌ಗಳಿಗೆ ಬರೋಣ. ಆಕ್ಚುವಲ್ ಕ್ಯಾಶ್ ವ್ಯಾಲ್ಯೂ ಅಂದರೆ ಹಾಳಾದ ದಿನ ಆ ಹಳೆಯ ಟ್ರೇಲರ್‌ಗೆ ಮಾರುಕಟ್ಟೆಯಲ್ಲಿ ಎಷ್ಟು ಬೆಲೆಯೋ ಅಷ್ಟು. ಸವಕಳಿ ಕಳೆದು, ಡಿಡಕ್ಟಿಬಲ್ (ಪ್ರತಿ ಕ್ಲೇಮ್‌ನಲ್ಲಿ ನೀವೇ ಹೊರಬೇಕಾದ ಮೊತ್ತ) ಕಳೆದು ಉಳಿದದ್ದು ಕೈಗೆ. ಉದಾಹರಣೆಗೆ ಇನ್ನು ಎರಡು ವರ್ಷಕ್ಕೆ ಟ್ರೇಲರ್ ಪೂರ್ತಿ ಹೋಯಿತು ಅಂತಿಟ್ಟುಕೊಳ್ಳಿ. ಕಂಪನಿ ಅದರ ಬೆಲೆ 12,000 ಅಂತ ಕಟ್ಟಿದರೆ, ಡಿಡಕ್ಟಿಬಲ್ 1,000 ಇದ್ದರೆ, ನಿಮಗೆ ಬರುವುದು 11,000. ಬ್ಯಾಂಕಿಗೆ ಕಟ್ಟಿ ಉಳಿದದ್ದರಲ್ಲಿ ಇನ್ನೊಂದು ಟ್ರೇಲರ್ ಬರುವುದಿಲ್ಲ. ಅಗ್ರೀಡ್ ವ್ಯಾಲ್ಯೂನಲ್ಲಿ ಪಾಲಿಸಿ ಬರೆಯುವಾಗಲೇ ಇಬ್ಬರೂ ಒಪ್ಪಿ ಒಂದು ಮೊತ್ತ ಹಾಕಿರುತ್ತೀರಿ, ಪೂರ್ತಿ ನಷ್ಟವಾದರೆ ಆ ಮೊತ್ತವೇ ಲೆಕ್ಕ. ನನ್ನ ಮಾತು ಕೇಳುವುದಾದರೆ ಆ 200 ಡಾಲರ್ ಕೊಡಿ. ಆದರೆ ಸಹಿ ಹಾಕುವ ಮೊದಲು ಒಪ್ಪಿದ ಮೊತ್ತ ಎಷ್ಟು ಅಂತ ಕಾಗದದಲ್ಲಿ ನೋಡಿ, ಪ್ರತಿ ಸಲ ನವೀಕರಿಸುವಾಗಲೂ ನೋಡಿ. 'ಟೋಟಲ್ ಲಾಸ್ ರಿಪ್ಲೇಸ್‌ಮೆಂಟ್' ಅಂತ ಇನ್ನೊಂದನ್ನು ಯಾರಾದರೂ ಹೇಳಬಹುದು, ಅದು ಸಾಮಾನ್ಯವಾಗಿ ಹೊಸದಾಗಿ ಕೊಂಡ ಮೊದಲ ಮಾಲೀಕರಿಗೆ ಮಾತ್ರ. ನಿಮಗೆ ಅದರ ಚಿಂತೆ ಬೇಡ. ವರ್ಷವಿಡೀ ಟ್ರೇಲರ್‌ನಲ್ಲೇ ವಾಸ ಮಾಡುವವರ ಫುಲ್ ಟೈಮರ್ ಪಾಲಿಸಿಯೂ ಬೇಡ.

ಇನ್ನು 'ವೆಕೇಶನ್ ಲಯಬಿಲಿಟಿ'. ಇದನ್ನು ಮಾತ್ರ ಕೇಳಿ ಹಾಕಿಸಿಕೊಳ್ಳಿ. ಕ್ಯಾಂಪ್‌ಗ್ರೌಂಡ್‌ನಲ್ಲಿ ಟ್ರಕ್ಕಿನಿಂದ ಬಿಚ್ಚಿ ನಿಲ್ಲಿಸಿದ ಮೇಲೆ ಟ್ರೇಲರ್ ನಿಮ್ಮ ಮನೆ ಇದ್ದ ಹಾಗೆ. ಹೊರಗೆ ಮೇಜಿನ ಮೇಲೆ ಗ್ಯಾಸ್ ಒಲೆ ಇಟ್ಟು ದೋಸೆ ಹುಯ್ಯುತ್ತಿರುತ್ತೀರಿ, ವಾಸನೆಗೆ ಪಕ್ಕದ ಸೈಟಿನ ಮಗು ಓಡಿ ಬಂದು ಕಾದ ಕಾವಲಿಗೆ ಕೈ ಇಡುತ್ತದೆ. ಅದನ್ನು ಟ್ರಕ್ಕಿನ ಪಾಲಿಸಿ ನೋಡುವುದಿಲ್ಲ. ವೆಕೇಶನ್ ಲಯಬಿಲಿಟಿ ಇರುವುದೇ ಇಂಥದ್ದಕ್ಕೆ. ಆದರೆ ಅದು ಹೊರಗಿನವರಿಗಾಗಿ ಇರುವುದು. ಅಪ್ಪ, ಅಮ್ಮನಿಗೆ ಇದನ್ನು ನೆಚ್ಚಿಕೊಳ್ಳಬೇಡಿ. ಅವರಿಗೆ ಬೇರೆಯಾಗಿ ವಿಸಿಟರ್ ಮೆಡಿಕಲ್ ಇನ್ಶೂರೆನ್ಸ್ ಮಾಡಿಸಿ. ಟ್ರೇಲರ್‌ನ ಮಡಿಚುವ ಮೆಟ್ಟಿಲು ಕಿರಿದು, ಇಬ್ಬನಿ ಬಿದ್ದರೆ ಜಾರುತ್ತದೆ. ಸೀರೆ ಉಟ್ಟವರಿಗೆ ಇನ್ನೂ ಕಷ್ಟ. ಅಮ್ಮನಿಗೆ ಹಿಡಿದುಕೊಳ್ಳಲು ಬಾಗಿಲ ಪಕ್ಕ ಒಂದು ಗಟ್ಟಿ ಹಿಡಿ ಹಾಕಿಸಿಬಿಡಿ.

ಕೊನೆಯದಾಗಿ ಪಾಲಿಸಿ ಏನನ್ನು ಕೊಡುವುದಿಲ್ಲ ಅನ್ನುವುದು. ನನ್ನ ಪ್ರಕಾರ ಮೊದಲು ಓದಬೇಕಾದ ಪುಟವೇ ಅದು. ನಮ್ಮ 22 ಅಡಿ ಟ್ರೇಲರ್‌ನಲ್ಲಿ ಹಾಸಿಗೆ ಮೇಲಿನ ಮೂಲೆಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಹಳದಿ ಕಲೆ ಕಂಡಿತ್ತು. ಟೀ ಚೆಲ್ಲಿರಬೇಕು ಅಂದುಕೊಂಡು ಒರೆಸಿದೆ. ನಾಲ್ಕು ತಿಂಗಳು ಬಿಟ್ಟು ನೋಡಿದರೆ ಆ ಗೋಡೆ ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಮೆತ್ತಗಾಗಿತ್ತು. ಚಾವಣಿಯ ಗಾಳಿಕಿಂಡಿ ಸುತ್ತ ನೀರು ಇಳಿಯದಂತೆ ಬಳಿದ ಸೀಲೆಂಟ್ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು, ಅಷ್ಟೇ. ಕಂಪನಿಯಿಂದ ಬಂದವರು ಹೆಬ್ಬೆರಳಿನಲ್ಲಿ ಒತ್ತಿ ನೋಡಿದರು, ಫೋಟೋ ತೆಗೆದರು. ನಿಧಾನವಾಗಿ ಸೋರಿ ಆದ ಹಾನಿ ಪಾಲಿಸಿಯಲ್ಲಿ ಸೇರುವುದಿಲ್ಲ ಅಂತ ಕಾಗದ ಬಂತು. ಪಾಲಿಸಿ ತೆಗೆದು ನೋಡಿದರೆ ಹಾಗೇ ಬರೆದಿತ್ತು, ಓದದೇ ಇದ್ದದ್ದು ನಾನು. ಸೋರಿಕೆ, ಕೊಳೆತ, ಬೂಸ್ಟು, ಸವೆತ ಇವನ್ನು ಹೆಚ್ಚುಕಡಿಮೆ ಎಲ್ಲ ಪಾಲಿಸಿಗಳೂ ಹೊರಗಿಡುತ್ತವೆ. ನಿಮ್ಮದು ಸೆಕೆಂಡ್ ಹ್ಯಾಂಡ್, ಹಾಗಾಗಿ ಈ ವಾರವೇ ಒಳಗಿನ ನಾಲ್ಕೂ ಮೂಲೆ, ಕಿಟಕಿ ಕೆಳಗೆ, ನೆಲದ ಅಂಚು ಎಲ್ಲ ಕಡೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಏಣಿ ಹಾಕಿ ಚಾವಣಿಯ ಸೀಲೆಂಟ್ ನೋಡಿ. ಮೂರು ನಾಲ್ಕು ತಿಂಗಳಿಗೊಮ್ಮೆ ಇದನ್ನು ಮಾಡಿ, ಫೋಟೋ ತೆಗೆದಿಟ್ಟುಕೊಳ್ಳಿ. ಗಾಳಿಗೆ ಒಮ್ಮೆಲೇ ಆದ ಹಾನಿಗೆ ಕ್ಲೇಮ್ ಹಾಕಬೇಕಾದಾಗ, ಮೊದಲು ಚಾವಣಿ ಸರಿಯಿತ್ತು ಅಂತ ತೋರಿಸುವುದಕ್ಕೆ ಆ ಫೋಟೋಗಳು ಬೇಕಾಗುತ್ತವೆ.

ಟೈರೂ ಅಷ್ಟೇ. ಹಳೆಯ ಟೈರು ಸಿಡಿದರೆ ಟೈರಿನ ದುಡ್ಡು ಬರುವುದಿಲ್ಲ. ಟೈರಿನ ಪಕ್ಕದಲ್ಲಿ DOT ಅಂತ ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿ, 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಹಲ್ಲು ಸವೆಯದೇ ಇದ್ದರೂ ಟ್ರೇಲರ್ ಟೈರನ್ನು ಐದಾರು ವರ್ಷಕ್ಕೆ ಬದಲಾಯಿಸುವುದು ಒಳ್ಳೆಯದು. ಸಿಡಿದ ಟೈರು ಕೆಳಗಿನ ವೈರು, ನೀರಿನ ಪೈಪು ಕಿತ್ತು ಹಾಕಿದರೆ ಅದಕ್ಕೆ ಕೊಲಿಷನ್‌ನಲ್ಲಿ ಕೊಡುತ್ತೀರಾ ಅಂತ ಏಜೆಂಟರನ್ನು ಇಮೇಲ್‌ನಲ್ಲಿ ಕೇಳಿ. ಫೋನಿನಲ್ಲಿ ಹೇಳಿದ್ದು ಆಮೇಲೆ ಯಾರಿಗೂ ನೆನಪಿರುವುದಿಲ್ಲ.

ಪ್ರಶ್ನೆ: ನಾವು ಮಿಷಿಗನ್‌ನಲ್ಲಿದ್ದೇವೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಟ್ರೇಲರ್ ಸುಮ್ನೆ ನಿಂತಿರುತ್ತದೆ. ಆ ಆರು ತಿಂಗಳು ಪ್ರೀಮಿಯಂ ಕಟ್ಟಲೇಬೇಕಾ?

ಉತ್ತರ: ಹಲವು ಕಂಪನಿಗಳಲ್ಲಿ 'ಸ್ಟೋರೇಜ್' ಅಥವಾ 'ಲೇ-ಅಪ್' ಅಂತ ಸೌಲಭ್ಯ ಇರುತ್ತದೆ. ಕೊಲಿಷನ್ ನಿಲ್ಲಿಸಿ ಕಾಂಪ್ರಿಹೆನ್ಸಿವ್ ಮಾತ್ರ ಇಟ್ಟುಕೊಳ್ಳಬಹುದು, ದುಡ್ಡು ಉಳಿಯುತ್ತದೆ. ಸಾಲ ಇದ್ದರೆ ಬ್ಯಾಂಕನ್ನು ಕೇಳದೆ ಮಾಡಬೇಡಿ. ಏಪ್ರಿಲ್‌ನಲ್ಲಿ ಟ್ರೇಲರ್ ಹೊರಗೆ ತೆಗೆಯುವ ಮೊದಲೇ ಫೋನ್ ಮಾಡಿ ಪೂರ್ತಿ ಪಾಲಿಸಿ ಶುರು ಮಾಡಿಸಿ, ಮನೆಯಿಂದ ಗ್ಯಾರೇಜಿಗೆ ಎರಡು ಮೈಲಿ ತಾನೇ ಅಂತ ಎಳೆದುಕೊಂಡು ಹೋಗಬೇಡಿ. ಇಲಿ ಕಡಿದ ವೈರಿಗೂ, ಹೆಪ್ಪುಗಟ್ಟಿ ಒಡೆದ ಪೈಪಿಗೂ ಬಹಳಷ್ಟು ಪಾಲಿಸಿಗಳು ದುಡ್ಡು ಕೊಡುವುದಿಲ್ಲ. ನಿಲ್ಲಿಸುವ ಮುಂಚೆ ನೀರು ಪೂರ್ತಿ ಬಸಿದು ಆರ್‌ವಿ ಆಂಟಿಫ್ರೀಜ್ (ಇಂಥ ಮನೆಗಾಡಿಗಳ ಪೈಪು ಹೆಪ್ಪುಗಟ್ಟಿ ಒಡೆಯದಂತೆ ಹಾಕುವ ದ್ರವ) ಹಾಕಿ. ಕೆಳಗಿನ ತೂತುಗಳಿಗೆ ಸ್ಟೀಲ್ ವೂಲ್ ತುರುಕಿ. ಒಳಗೆ ಒಂದು ಕಾಳು ಅಕ್ಕಿಯನ್ನೂ ಬಿಡಬೇಡಿ.

ಪ್ರಶ್ನೆ: ಸ್ಯಾನ್ ಡಿಯೇಗೋದಿಂದ ಗಡಿ ದಾಟಿ ಮೆಕ್ಸಿಕೋಗೆ ಟ್ರೇಲರ್ ಒಯ್ಯಬೇಕು. ನಮ್ಮ ಅಮೆರಿಕದ ಪಾಲಿಸಿ ನಡೆಯುತ್ತದಾ?

ಉತ್ತರ: ಲಯಬಿಲಿಟಿಗೆ ನಡೆಯುವುದಿಲ್ಲ. ಮೆಕ್ಸಿಕೋದಲ್ಲಿ ಅಲ್ಲಿನ ಕಂಪನಿಯ ಲಯಬಿಲಿಟಿ ಪಾಲಿಸಿಯೇ ಬೇಕು. ಹೋಗುವ ಮೊದಲೇ ಆನ್‌ಲೈನ್‌ನಲ್ಲಿ ದಿನದ ಲೆಕ್ಕದಲ್ಲಿ ಸಿಗುತ್ತದೆ. ಕೊಳ್ಳುವಾಗ ಟ್ರಕ್ಕಿನ ಜೊತೆ ಟ್ರೇಲರ್ ಹೆಸರನ್ನೂ ಸೇರಿಸಿ, ಪ್ರಿಂಟ್ ತೆಗೆದು ಗಾಡಿಯಲ್ಲಿ ಇಟ್ಟುಕೊಳ್ಳಿ.