ನೀಲೋಫರ್ ಎಂದರೆ ಯಾವ ಹೂವು?

ಪ್ರಶ್ನೆ: ಮಗಳಿಗೆ ನಿಲೋಫರ್ ಎಂಬ ಹೆಸರು ಆರಿಸಿದ್ದೇವೆ. ಅದು ತಾವರೆ ಎಂದು ಕೆಲವರು, ಯಾವುದೋ ಬಳ್ಳಿಯ ಹೂವು ಎಂದು ಇನ್ನು ಕೆಲವರು ಹೇಳುತ್ತಾರೆ. ಪದ ಅರಬ್ಬಿಯದೋ ಪಾರಸಿಯದೋ? ಕನ್ನಡದಲ್ಲಿ ಹೇಗೆ ಬರೆಯಬೇಕು?

ಉತ್ತರ: ಶಾಲೆಯಲ್ಲಿ ಕಲಿತ ಗುಣಸಂಧಿಯನ್ನು ನೆನಪಿಸಿಕೊಳ್ಳಿ. ನೀಲ + ಉತ್ಪಲ = ನೀಲೋತ್ಪಲ. ನಿಮ್ಮ ಮಗಳ ಹೆಸರಿನ ಬೇರು ಇರುವುದು ಅಲ್ಲಿ. ಸಂಸ್ಕೃತದ ಈ ಪದ ಇರಾನಿಗೆ ಹೋಗಿ, ಅಲ್ಲಿನ ಹಳೆಯ ಪಹ್ಲವಿ ಭಾಷೆಯಲ್ಲಿ ‘ನೀಲೋಪಲ್’ ಆಯಿತು. ಒಂದೊಂದು ದೈವಕ್ಕೆ ಒಂದೊಂದು ಹೂವನ್ನು ಹಂಚುವ ‘ಬುಂದಹಿಶ್ನ್’ ಎಂಬ ಜರತುಷ್ಟ್ರ ಗ್ರಂಥ ಇದನ್ನು ನೀರಿನ ದೇವತೆಗೆ ಒಪ್ಪಿಸಿದೆ. ಮುಂದೆ ಪಕಾರ ಫಕಾರವಾಯಿತು, ಕೊನೆಯ ಲಕಾರ ರಕಾರವಾಯಿತು. ಅರಬ್ಬಿಯಲ್ಲಿ ಪಕಾರವೇ ಇಲ್ಲ. ‘ಪಾರ್ಸಿ’ ಎಂಬ ಭಾಷೆಯ ಹೆಸರೇ ‘ಫಾರ್ಸಿ’ ಆದದ್ದು, ನಮ್ಮ ಪಿಪ್ಪಲಿ ಅರಬ್ಬಿಯ ‘ಫಿಲ್ಫಿಲ್’ ಆದದ್ದು ಇದೇ ದಾರಿಯಲ್ಲಿ. ಹಾಗಾಗಿ ಹೆಸರು ಪಾರಸಿಯದು, ತವರು ಭಾರತ. ಅರಬ್ಬಿಗೆ ಅದು ಪಾರಸಿಯಿಂದ ಹೋದದ್ದು.

ಇನ್ನು ಹೂವು. ನೀಲೋತ್ಪಲ ತಾವರೆಯಲ್ಲ, ನೈದಿಲೆ. ಹಳಗನ್ನಡ ಕವಿಗಳು ಹೆಣ್ಣಿನ ಕಣ್ಣಿಗೆ ಹೋಲಿಸುವ ಕನ್ನೈದಿಲೆ. ಇರಾನಿನಲ್ಲಿ ಮಾತ್ರ ಈ ಹೆಸರು ತಾವರೆಯನ್ನೂ ಒಳಗೊಂಡಿತು. ಕೆರ್ಮಾನ್‌ಶಾಹ್ ಬಳಿಯ ತಾಕ್-ಎ-ಬೊಸ್ತಾನ್ ಶಿಲ್ಪದಲ್ಲಿ ಮಿತ್ರದೇವ ಅರಳಿದ ತಾವರೆಯ ಮೇಲೆ ನಿಂತಿದ್ದಾನೆ. ನೋಡಿದರೆ ನಮ್ಮದೇ ಯಾವುದೋ ಗುಡಿಯ ಮೂರ್ತಿ ಅನ್ನಿಸಬೇಕು. ಬಳ್ಳಿ ಎಂದವರೂ ಸುಳ್ಳು ಹೇಳಿಲ್ಲ. ಇಂದಿನ ಇರಾನಿನಲ್ಲಿ ಬೆಳಗ್ಗೆ ಅರಳುವ, ಕಹಳೆಯಾಕಾರದ ಬಳ್ಳಿಹೂವಿಗೂ ನೀಲೂಫರ್ ಎನ್ನುತ್ತಾರೆ. ಅದಕ್ಕೇ ನೀರಿನ ಹೂವನ್ನು ‘ನೀಲೂಫರ್-ಎ-ಆಬಿ’ ಎಂದು ಬೇರೆ ಮಾಡಿ ಹೇಳಬೇಕಾಗುತ್ತದೆ. ‘ಸ್ವರ್ಗದ ಹೂವು’ ಎಂದೆಲ್ಲ ಬರೆಯುವ ಹೆಸರಿನ ಪಟ್ಟಿಗಳನ್ನು ದಯವಿಟ್ಟು ಪಕ್ಕಕ್ಕಿಡಿ.

ತುರ್ಕಿಯಲ್ಲಿ ಇದು ನಿಲುಫೆರ್. ಒಟ್ಟೊಮನ್ ಸುಲ್ತಾನ ಮೊದಲನೆಯ ಮುರಾದನ ತಾಯಿಯ ಹೆಸರು ಅದೇ. ಫ್ರೆಂಚರ ‘ನೆನ್ಯುಫಾರ್’ ಕೂಡ ಇದರ ಕುಡಿಯೇ. ಹೈದರಾಬಾದಿನ ನಿಲೋಫರ್ ಆಸ್ಪತ್ರೆಯ ಹೆಸರು ನಿಮ್ಮ ಕಿವಿಗೂ ಬಿದ್ದಿರಬಹುದು. ಆ ಆಸ್ಪತ್ರೆಗೆ ಹೆಸರು ಬಂದದ್ದು ರಾಜಕುಮಾರಿ ನಿಲೋಫರಳಿಂದ. ಆಕೆ ಒಟ್ಟೊಮನ್ ಮನೆತನದವಳು, 1916ರಲ್ಲಿ ಇಸ್ತಾಂಬುಲಿನಲ್ಲಿ ಹುಟ್ಟಿ 1931ರಲ್ಲಿ ಕೊನೆಯ ನಿಜಾಮನ ಎರಡನೆಯ ಮಗನನ್ನು ಮದುವೆಯಾಗಿ ಬಂದವಳು. ಭಾರತದಿಂದ ಹೊರಟ ಪದ ತುರ್ಕಿಯನ್ನು ಸುತ್ತಿ ಸೊಸೆಯಾಗಿ ಮರಳಿತು!

ಬರೆಯುವ ಬಗೆಗೆ ನನ್ನ ಮತ ‘ನೀಲೋಫರ್’. ಇರಾನಿಯರು ‘ಲೂ’ ಎನ್ನುತ್ತಾರೆ, ಉರ್ದುವಿನಲ್ಲಿ ‘ಲೋ’ ಉಳಿದಿದೆ. ಗುಣಸಂಧಿಯ ಓಕಾರ ಇನ್ನೂ ಅದರಲ್ಲಿ ಕೇಳಿಸುತ್ತದೆ. ಮೊದಲಕ್ಷರಕ್ಕೆ ದೀರ್ಘ ಕೊಟ್ಟರೆ ಒಳಗಿನ ‘ನೀಲ’ವೂ ಕಾಣುತ್ತದೆ. ‘ಫ’ದ ಕೆಳಗೆ ಚುಕ್ಕೆಗಳು ಬೇಕೇ ಎಂದರೆ, ಬೇಡ, ಜನನ ಪ್ರಮಾಣಪತ್ರದಲ್ಲಿ ಒಂದು ರೀತಿ, ಶಾಲೆಯ ದಾಖಲೆಯಲ್ಲಿ ಇನ್ನೊಂದು ರೀತಿ ಆದರೆ ಮುಂದೆ ಅಲೆಯಬೇಕಾದವಳು ಮಗಳು.