ಹೊಲಿಗೆ ಪ್ರಶ್ನೋತ್ತರ: ಅಪ್ಲಿಕ್ ತರಗತಿಗೆ ಹೊರಡುವ ಮುನ್ನ

ಪ್ರಶ್ನೆ: ಆಗಸ್ಟ್ ಮೊದಲ ವಾರದಲ್ಲಿ ಮಡಿಕೇರಿಯಲ್ಲಿ ನಡೆಯುವ ಎರಡು ದಿನಗಳ ಮಷೀನ್ ಅಪ್ಲಿಕ್ ಕ್ವಿಲ್ಟ್ (ಕೌದಿ) ತರಗತಿಗೆ ಸೇರಿದ್ದೇನೆ. ಅಪ್ಲಿಕ್ ಎಂದರೆ ಚಿತ್ರದ ಆಕಾರಕ್ಕೆ ಕತ್ತರಿಸಿದ ಬಟ್ಟೆಯ ತುಂಡುಗಳನ್ನು ಇನ್ನೊಂದು ಬಟ್ಟೆಯ ಮೇಲೆ ಕೂರಿಸಿ ಹೊಲಿಯುವುದು. ಕಾಫಿ ಎಲೆ ಮತ್ತು ಹೂವಿನ ಚಿತ್ರವಿರುವ, ಗೋಡೆಗೆ ತೂಗುಹಾಕುವ ಕ್ವಿಲ್ಟ್ ಮಾಡಿಸುತ್ತಾರಂತೆ. ಬ್ಲೌಸು, ಲಂಗ ಹೊಲಿದು ಅಭ್ಯಾಸವಿದೆ. ಮನೆಯಲ್ಲಿ ಅತ್ತೆಯವರ ತುಳಿಯುವ ಮಷೀನೂ ನನ್ನ ಕರೆಂಟ್ ಮಷೀನೂ ಇವೆ. ಯಾವುದನ್ನು ಒಯ್ಯಲಿ? ಮುಂಚಿತವಾಗಿ ಏನೇನು ಸಿದ್ಧ ಮಾಡಿಕೊಳ್ಳಲಿ?
– ಓದುಗರು, ವಿರಾಜಪೇಟೆ ತಾಲ್ಲೂಕು

ಉತ್ತರ: ಜಿಗ್‌ಜಾಗ್ ಹೊಲಿಗೆ ಬರುವ ಮಷೀನನ್ನೇ ಒಯ್ಯಿರಿ. ಅತ್ತೆಯವರ ಮಷೀನು ಹಳೆಯ ಮಾದರಿಯದಾಗಿದ್ದರೆ ಅದರಲ್ಲಿ ನೇರ ಹೊಲಿಗೆ ಮಾತ್ರ ಬರುತ್ತದೆ; ಎಲೆಯ ಅಂಚನ್ನು ದಾರದಿಂದ ಪೂರ್ತಿ ಮುಚ್ಚುವ ಸ್ಯಾಟಿನ್ ಹೊಲಿಗೆಗೆ ಸೂಜಿ ಎಡಬಲಕ್ಕೆ ಆಡಲೇಬೇಕು. ನೀವು ಹೇಳುವ ಸಮಯ ಕಕ್ಕಡ ತಿಂಗಳು, ಮಳೆ ಬಿಡದ ಕಾಲ. ಆದ್ದರಿಂದ ಮಷೀನಿಗಿಂತ ಹೆಚ್ಚಿನ ಗಮನವನ್ನು ನಿಮ್ಮ ಬಟ್ಟೆಗೆ ಕೊಡಬೇಕೆಂದು ಒತ್ತಿ ಹೇಳುತ್ತೇನೆ.

ಅಪ್ಲಿಕ್‌ನಲ್ಲಿ ತುಂಡನ್ನು ಹಿನ್ನೆಲೆಯ ಬಟ್ಟೆಗೆ ಕೂರಿಸುವುದು ಕಾಗದ ಸಹಿತವಾದ ಅಂಟು ಹಾಳೆ, ಅಂದರೆ ಫ್ಯೂಸಿಬಲ್ ವೆಬ್. ಇಸ್ತ್ರಿಯ ಶಾಖಕ್ಕೆ ಕರಗುವ ಈ ಅಂಟು ನೂಲಿನೊಳಗೆ ಇಳಿದು ಹಿಡಿಯಬೇಕು. ಬಟ್ಟೆಯಲ್ಲಿ ತೇವವಿದ್ದರೆ ಹಿಡಿತ ಸಡಿಲವಾಗುತ್ತದೆ. ಒಂದು ಮಳೆಗಾಲದಲ್ಲಿ, ಒಣಗಿದಂತೆ ಕಂಡ ಹತ್ತಿ ಬಟ್ಟೆಗೆ ನಾನು ರಾತ್ರಿ ಹತ್ತು ಎಲೆ ಅಂಟಿಸಿಟ್ಟೆ. ಬೆಳಿಗ್ಗೆ ನೋಡಿದರೆ ನಾಲ್ಕರ ತುದಿ ಎದ್ದು ನಿಂತಿತ್ತು. ಕೈಗೆ ತಣ್ಣಗೆ ತಾಕುವ ಬಟ್ಟೆ ಇನ್ನೂ ಒಣಗಿಲ್ಲವೆಂದೇ ತಿಳಿಯಿರಿ.

ಹೊಸ ಹತ್ತಿ ಬಟ್ಟೆಯನ್ನು ಒಂದು ವಾರ ಮೊದಲೇ ಒಗೆಯಿರಿ, ಏಕೆಂದರೆ ಕ್ವಿಲ್ಟ್ ಮುಗಿದ ಮೇಲೆ ಅದು ಕುಗ್ಗಿದರೆ ಅಪ್ಲಿಕ್ ತುಂಡುಗಳ ಸುತ್ತ ಸುಕ್ಕು ಬೀಳುತ್ತದೆ. ಒಗೆಯುವಾಗ ಮೃದುಕಾರಕ ದ್ರಾವಣ ಬೇಡ. ಅದೂ ಅಂಟಿಗೆ ಅಡ್ಡಿ. ಕೆಂಪು, ಕಡು ನೀಲಿ ಬಟ್ಟೆಗಳನ್ನು ಬೇರೆಯಾಗಿ ನೆನೆಸಿ. ಕಕ್ಕಡದಲ್ಲಿ ಬೇಯಿಸುವ, ಕಡು ನೇರಳೆ ಬಣ್ಣ ಬಿಡುವ ಮದ್ದುಸೊಪ್ಪಿನ ನೀರಿನಂತೆ ಬಣ್ಣಗಟ್ಟಿದರೆ ಬಿಳಿಯ ಕಾಫಿ ಹೂವಿನ ಪಕ್ಕ ಆ ಬಟ್ಟೆಯನ್ನು ಬಳಸಬೇಡಿ. ಒಣಗಿದ ಬಟ್ಟೆಯನ್ನು ಹಬೆಯಿಲ್ಲದೆ ಇಸ್ತ್ರಿ ಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಯ್ಯಿರಿ, ತರಗತಿಯಲ್ಲಿ ಅಂಟಿಸುವ ಮುನ್ನ ಮತ್ತೊಮ್ಮೆ ಬಿಸಿ ಮುಟ್ಟಿಸಿ.

ಚಿತ್ರವನ್ನು ಅಂಟು ಹಾಳೆಯ ಕಾಗದದ ಬದಿಗೆ ಬರೆಯುವಾಗ ಎಡ ಬಲವಾಗಿ, ಬಲ ಎಡವಾಗಿ ತಿರುಗಿಸಿ ಬರೆಯಬೇಕೆಂಬುದನ್ನು ಮರೆಯಬೇಡಿ.

ಹೊರಡುವ ಮುನ್ನ ಮನೆಯಲ್ಲಿ ಒಂದೇ ಒಂದು ಕಾಫಿ ಎಲೆಯನ್ನು ಪೂರ್ತಿ ಹೊಲಿದು ನೋಡಿ. ಹೊಲಿಗೆಯ ಅಗಲ ಸುಮಾರು 3 ಮಿ.ಮೀ., ಉದ್ದ 0.4 ಮಿ.ಮೀ. ಇರಲಿ. ಸೂಜಿ ಬಲಕ್ಕೆ ಬಂದಾಗ ಎಲೆಯ ಅಂಚಿನ ಹೊರಗೆ, ಕೂದಲೆಳೆಯಷ್ಟು ದೂರದಲ್ಲಿ ಹಿನ್ನೆಲೆಗೆ ಇಳಿಯಬೇಕು. ಎಡಕ್ಕೆ ಹೋದಾಗ ಎಲೆಯ ಒಳಗೆ. ಕಾಫಿ ಎಲೆಯ ಅಂಚು ಅಲೆಅಲೆಯಾಗಿರುವುದರಿಂದ ಮೇಲಿಂದ ಮೇಲೆ ತಿರುಗಬೇಕಾಗುತ್ತದೆ: ಅಂಚು ಹೊರಕ್ಕೆ ಉಬ್ಬಿದ ಕಡೆ ಸೂಜಿಯನ್ನು ಎಲೆಯ ಹೊರಗೆ ಇಳಿಸಿ ನಿಲ್ಲಿಸಿ, ಒಳಕ್ಕೆ ಬಾಗಿದ ಕಡೆ ಎಲೆಯ ಒಳಗೆ ಇಳಿಸಿ ನಿಲ್ಲಿಸಿ, ಆಮೇಲೆ ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಸರ್ ಫೂಟ್ ಎತ್ತಿ ಬಟ್ಟೆಯನ್ನು ಸ್ವಲ್ಪ ತಿರುಗಿಸಿ. ಇದು ತಪ್ಪಿದರೆ ಬಾಗಿನಲ್ಲಿ ಹೊಲಿಗೆಗಳ ನಡುವೆ ಬಾಯಿ ಬಿಟ್ಟಂತೆ ಕಾಣುತ್ತದೆ. ಚೂಪಾದ ತುದಿ ಹತ್ತಿರವಾದಂತೆ ಅಗಲವನ್ನು ನಿಧಾನವಾಗಿ ತಗ್ಗಿಸುತ್ತಾ ಬನ್ನಿ. ಬ್ಲೌಸು ಹೊಲಿದ ಕೈಗೆ ವೇಗ ಅಭ್ಯಾಸವಾಗಿರುತ್ತದೆ. ಇಲ್ಲಿ ಆ ವೇಗವನ್ನು ಬಿಡಬೇಕು.

ಚೀಲದಲ್ಲಿ 75 ಅಥವಾ 80 ನಂಬರಿನ ನಾಲ್ಕೈದು ಹೊಸ ಸೂಜಿ, ತುಂಬಿದ ಬಾಬಿನ್‌ಗಳು, ಮುಂಭಾಗ ತೆರೆದಿರುವ ಪ್ರೆಸರ್ ಫೂಟ್, ಚೂಪಾದ ಸಣ್ಣ ಕತ್ತರಿ ಇರಲಿ. ಮಳೆಗಾಲದಲ್ಲಿ ಸೂಜಿಗೆ ತುಕ್ಕು ಬೇಗ ಹಿಡಿಯುವುದರಿಂದ ಹಳೆಯದನ್ನು ನಂಬಬೇಡಿ.

ಪ್ರಶ್ನೆ: ಜಿಗ್‌ಜಾಗ್ ಹಾಕಿದ ಕಡೆ ಬಟ್ಟೆ ಸುಕ್ಕಾಗುತ್ತದೆ, ಅಡಿಯ ಬಿಳಿ ದಾರವೂ ಮೇಲೆ ಇಣುಕುತ್ತದೆ. ಏನು ಮಾಡಲಿ?
– ಓದುಗರು, ಸೋಮವಾರಪೇಟೆ

ಉತ್ತರ: ಎರಡೂ ಬೇರೆ ಬೇರೆ ದೋಷಗಳು. ಸುಕ್ಕಿಗೆ ಹಿನ್ನೆಲೆಯ ಬಟ್ಟೆಯ ಅಡಿಯಲ್ಲಿ ಹರಿದು ತೆಗೆಯಬಹುದಾದ ಸ್ಟೆಬಿಲೈಸರ್ (ಬಟ್ಟೆ ಸುಕ್ಕಾಗದಂತೆ ಆಸರೆ ಕೊಡುವ ಹಾಳೆ) ಇಟ್ಟು ಹೊಲಿಯಿರಿ. ಅದು ಸಿಗದಿದ್ದರೆ ಅಭ್ಯಾಸಕ್ಕೆ ಬಿಳಿ ಕಾಗದವೂ ಆದೀತು. ದಾರ ಇಣುಕುತ್ತಿದ್ದರೆ ಮೇಲಿನ ದಾರದ ಬಿಗಿತವನ್ನು (ಟೆನ್ಷನ್) ಅರ್ಧರ್ಧ ಅಂಕಿಯಂತೆ ಇಳಿಸುತ್ತಾ, ಮೇಲಿನ ದಾರ ತುಸು ಅಡಿಗೆ ಎಳೆದುಕೊಳ್ಳುವವರೆಗೆ ಚಿಂದಿ ಬಟ್ಟೆಯ ಮೇಲೆ ಹೊಲಿದು ನೋಡಿ.