ಸಣ್ಣಪುಟ್ಟ ವಿಷಯಗಳಲ್ಲಿ ಖುಷಿ ಪಡುವುದು ಹೇಗೆ? ನನಗೆ ಏನೂ ಅನಿಸುವುದೇ ಇಲ್ಲವಲ್ಲ!

ಎಲ್ಲರೂ "ಸಣ್ಣ ಸಣ್ಣದರಲ್ಲಿ ಖುಷಿ ಪಡಿ" ಅಂತಾರೆ, ಆದರೆ ಎಷ್ಟು ಪ್ರಯತ್ನಪಟ್ಟರೂ ದಿನಗಳು ಸಪ್ಪೆಯಾಗಿಯೇ ಇವೆ ಅಂತ ಬರೆದಿದ್ದೀರಿ. ಮೊದಲಿಗೆ ಒಂದು ಮಾತು: ನಿಮ್ಮಲ್ಲೇ ಏನೋ ಕೊರತೆ ಇದೆ ಅಂದುಕೊಳ್ಳಬೇಡಿ. ದಿನಾ ಸಿಗುವುದಕ್ಕೆ ಬೇಗ ಒಗ್ಗಿಕೊಂಡುಬಿಡುವುದು ಮನಸ್ಸಿನ ಗುಣ. ಸಣ್ಣ ಖುಷಿಗಳು ದಿನಾ ಸಿಗುವಂಥವೇ ತಾನೇ, ಹಾಗಾಗಿ ಮೊದಲು ಕಣ್ಮರೆಯಾಗುವುದೂ ಅವೇ.

ದೊಡ್ಡದೇನಾದರೂ ಸಿಕ್ಕಿದರೆ ಸರಿಹೋಗುತ್ತದೆ ಅಂತ ಅನಿಸುವುದು ಸಹಜ. 1978ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಫಿಲಿಪ್ ಬ್ರಿಕ್‌ಮನ್ ಮತ್ತು ಜೊತೆಗಾರರು ಲಾಟರಿಯಲ್ಲಿ ದೊಡ್ಡ ಮೊತ್ತ ಗೆದ್ದ 22 ಜನರನ್ನು ಮಾತಾಡಿಸಿದರು. ಅವರ ಸಂತೋಷ ಬೇರೆಯವರಿಗಿಂತ ಹೇಳಿಕೊಳ್ಳುವಷ್ಟು ಜಾಸ್ತಿ ಇರಲಿಲ್ಲ. ಅಷ್ಟೇ ಅಲ್ಲ, ಗೆಳೆಯರ ಜೊತೆ ಹರಟುವುದು, ಜೋಕ್ ಕೇಳುವುದು, ಪತ್ರಿಕೆ ಓದುವುದು, ಇಂಥ ಮಾಮೂಲಿ ಕೆಲಸಗಳಿಂದ ಅವರಿಗೆ ಸಿಗುತ್ತಿದ್ದ ಖುಷಿ ಉಳಿದವರಿಗಿಂತ ಕಡಿಮೆಯೇ ಇತ್ತು. ಸಣ್ಣ ಅಧ್ಯಯನ ನಿಜ. ಆದರೂ ನನಗೆ ಇದು ತುಂಬಾ ತಟ್ಟಿದ ವಿಷಯ.

ನನ್ನ ಪ್ರಕಾರ ಹೊಸ ಖುಷಿ ಹುಡುಕುವ ಅಗತ್ಯವೇ ಇಲ್ಲ. ಇರುವುದು ಸಿಗುವ ಹೊತ್ತಿಗೆ ನಾವು ಅಲ್ಲಿರಬೇಕು, ಅಷ್ಟೆ. ನಾವು ಇರುವುದಿಲ್ಲ! 2010ರಲ್ಲಿ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಸುಮಾರು 2,250 ಜನರಿಗೆ ದಿನದ ಯಾವ್ಯಾವುದೋ ಹೊತ್ತಲ್ಲಿ ಫೋನ್ ಮೂಲಕ "ಈಗ ಏನು ಮಾಡ್ತಿದ್ದೀರಿ, ಮನಸ್ಸು ಎಲ್ಲಿದೆ" ಅಂತ ಕೇಳಿದರು. ಹೆಚ್ಚುಕಮ್ಮಿ 47% ಸಲ ಮನಸ್ಸು ಬೇರೆಲ್ಲೋ ಇತ್ತು. ಆಗೆಲ್ಲ ಖುಷಿಯೂ ಕಡಿಮೆ. ಒಳ್ಳೆಯದನ್ನೇ ಯೋಚಿಸುತ್ತಿದ್ದರೂ, ಕೈಲಿರುವ ಕೆಲಸದಲ್ಲಿ ಮನಸ್ಸಿಟ್ಟವರಿಗಿಂತ ಅವರೇನೂ ಹೆಚ್ಚು ಖುಷಿಯಾಗಿರಲಿಲ್ಲ.

ನನ್ನದೇ ಉದಾಹರಣೆ ಅಂದರೆ ಬಟ್ಟೆ ಮಡಚುವುದು. ಬೇಸರದ ಕೆಲಸ ಅಂತ ಫೋನ್‌ನಲ್ಲಿ ಏನಾದರೂ ಹಾಕಿಕೊಂಡು ಮುಗಿಸುತ್ತಿದ್ದೆ. ಈಗ ಸುಮ್ನೆ ಮಡಚುತ್ತೇನೆ. ಬಿಸಿಲಿಂದ ಆಗಷ್ಟೇ ತಂದ ಟವೆಲ್ ಗರಿಗರಿಯಾಗಿರುತ್ತದೆ, ಮುಖಕ್ಕೆ ಹಿಡಿದರೆ ಬಿಸಿಲಿನದೇ ಒಂದು ವಾಸನೆ, ಅಂಚಿನ ಹೊಲಿಗೆಯ ಹತ್ತಿರ ಮಾತ್ರ ಇನ್ನೂ ಚೂರು ತಂಪು. ಅಂಗಿಯ ತೋಳು ಸರಿಯಾಗಿ ಒಳಗೆ ಕೂತು, ಅಂಚಿಗೆ ಅಂಚು ಕೂಡಿದಾಗ ಕೈಗೇ ಒಂಥರಾ ಸಮಾಧಾನ. ಇದರಲ್ಲೇನಿದೆ ಅಂತ ನಿಮಗೆ ಅನಿಸಬಹುದು. ನನಗೆ ನಿಜವಾಗಿಯೂ ಇಷ್ಟ, ನಿಮಗೆ ಇಷ್ಟವಾಗುವುದು ಬೇರೆ ಏನೋ ಇರುತ್ತದೆ.

ಇನ್ನೊಂದು ಉಪಾಯ ನಿಜವಾಗಿ ಕೆಲಸ ಮಾಡುತ್ತದೆ: ಇಷ್ಟವಾದದ್ದನ್ನು ಸ್ವಲ್ಪ ದಿನ ಬಿಟ್ಟುಬಿಡಿ. ಕ್ವಾಡ್‌ಬ್ಯಾಕ್ ಮತ್ತು ಡನ್ ಎಂಬ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರಿಗೆ ಒಂದು ವಾರ ಚಾಕೊಲೇಟ್ ಮುಟ್ಟಬೇಡಿ ಅಂದರು, ಕೆಲವರಿಗೆ ಬೇಕಾದಷ್ಟು ತಿನ್ನಿ ಅಂದರು. ವಾರದ ನಂತರ ಅದೇ ಚಾಕೊಲೇಟ್ ಜಾಸ್ತಿ ರುಚಿಸಿದ್ದು ಬಿಟ್ಟಿದ್ದವರಿಗೆ. ನಾನು ಹಾಡುಗಳ ವಿಷಯದಲ್ಲಿ ಹೀಗೆ ಮಾಡುತ್ತೇನೆ. ದಿನವಿಡೀ ಹಿನ್ನೆಲೆಯಲ್ಲಿ ಓಡುತ್ತಲೇ ಇದ್ದರೆ ಅದು ಕಿವಿಗೆ ಬರೀ ಸದ್ದು. ಕೆಲವು ದಿನ ಬಿಟ್ಟು, ದೀಪ ಆರಿಸಿ, ಒಂದೇ ಒಂದು ಹಾಡು ಕೇಳಿದರೆ ಅಲ್ಲಿ ತನಕ ಗಮನಿಸದೇ ಇದ್ದ ವಾದ್ಯವೂ ಕೇಳಿಸುತ್ತದೆ.

ಕೆಲವು ಖುಷಿಗಳಿಗಂತೂ ಕಾಯುವ ಅಭ್ಯಾಸವೇ ಇಲ್ಲ. ಮಳೆಯ ಮೊದಲ ಹನಿಗೆ ಏಳುವ ಮಣ್ಣಿನ ವಾಸನೆ ನೋಡಿ. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಜಿಯೋಸ್ಮಿನ್ ಅನ್ನುವ ವಸ್ತುವನ್ನು ಮಾಡುತ್ತವೆ. ಹನಿ ಒಣ ನೆಲಕ್ಕೆ ಬಿದ್ದಾಗ ಅಡಿಯಲ್ಲಿ ಪುಟ್ಟ ಗಾಳಿಗುಳ್ಳೆಗಳು ಸಿಕ್ಕಿಕೊಂಡು, ಮೇಲೆದ್ದು ಒಡೆದು, ಅದನ್ನು ಗಾಳಿಗೆ ಚಿಮ್ಮಿಸುತ್ತವೆ. ಲಕ್ಷ ಕೋಟಿ ಭಾಗದಲ್ಲಿ ಕೆಲವೇ ಭಾಗ ಇದ್ದರೂ ನಮ್ಮ ಮೂಗಿಗೆ ಗೊತ್ತಾಗುತ್ತದೆ, ಎಂಥ ಸೋಜಿಗ ಅಲ್ವಾ? ಆದರೆ ಅದೇ ಮೂಗು ಕೆಲವೇ ನಿಮಿಷಗಳಲ್ಲಿ ಒಗ್ಗಿಹೋಗುತ್ತದೆ. ಈ ಮೇಲ್ ಒಂದು ಕಳಿಸಿ ಹೋಗ್ತೀನಿ ಅಂತ ಕೂತರೆ ಮುಗೀತು. ಇಂಥ ಹೊತ್ತಲ್ಲಿ ಕೆಲಸ ಬಿಟ್ಟು ಎದ್ದು ಹೋಗುವುದನ್ನು ನಾನು ಸೋಮಾರಿತನ ಅಂತ ಯಾವತ್ತೂ ಒಪ್ಪುವುದಿಲ್ಲ.

ಡೈರಿಯಲ್ಲಿ ದಿನಾ ಒಳ್ಳೆಯದನ್ನು ಬರೆಯಿರಿ ಅನ್ನುವ ಸಲಹೆಯೂ ನಿಮಗೆ ಬಂದಿರಬಹುದು. ಬರೆಯಿರಿ, ಆದರೆ ವಾರಕ್ಕೊಮ್ಮೆ ಸಾಕು. ದಿನಾ ಬರೆದರೆ ಅದೂ ಹೋಂವರ್ಕ್ ಆಗಿಬಿಡುತ್ತದೆ.

ಕೊನೆಯದಾಗಿ, ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ಮೊದಲು ತುಂಬಾ ಇಷ್ಟವಾಗುತ್ತಿದ್ದದ್ದೂ ಎರಡು ವಾರಕ್ಕಿಂತ ಜಾಸ್ತಿ ಏನೂ ಅನಿಸದೆ, ಜೊತೆಗೆ ನಿದ್ದೆ, ಹಸಿವು ಏರುಪೇರಾಗಿದ್ದರೆ, ಅದು ಖಿನ್ನತೆ ಇರಬಹುದು. ಆಗ ನಾನು ಮೇಲೆ ಬರೆದದ್ದೆಲ್ಲ ಪಕ್ಕಕ್ಕಿಡಿ, ಮೊದಲು ಡಾಕ್ಟರ್ ಹತ್ತಿರ ಮಾತಾಡಿ. ಒಬ್ಬರೇ ಹೋಗಲು ಹಿಂಜರಿಕೆ ಆದರೆ ನಂಬಿಕೆಯವರು ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ.